ಕರಗಿದ ಬಂದೂಕಿಗೆ ಕುಂಕುಮ

ಒಂದು ಬಂದೂಕು ತಾನು ಹಾರಿಸಿದ ಪ್ರತಿಯೊಂದು ಗುಂಡನ್ನೂ ನೆನಪಿಟ್ಟುಕೊಂಡಿದ್ದರೆ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಹನ್ನೊಂದು ವರ್ಷ ಕಳೆದೆ. ಉತ್ತರ ಸಿಕ್ಕಿತು. ಆ ಉತ್ತರವನ್ನೇ ಹಿಡಿದುಕೊಂಡು ಒಬ್ಬ ಮುದುಕಿಯನ್ನು ಜೈಲಿಗೆ ಹಾಕಿದರು. ನನ್ನ ಸಿಟ್ಟು ಇನ್ನೂ ಆರಿಲ್ಲ. ಹಾಗಾಗಿ ಈ ಕಥೆಯನ್ನು ನಾನು ತಣ್ಣಗೆ ಕೂತು ಹೇಳುತ್ತೇನೆಂದು ಯಾರೂ ನಿರೀಕ್ಷಿಸಬೇಡಿ.

ನನ್ನ ಹೆಸರು ದಾಕ್ಷಾಯಣಿ ಹೂಗಾರ. ಕೊಪ್ಪಳದ ಆಚೆ, ಕಬ್ಬಿಣದ ಕಾರ್ಖಾನೆಗಳ ಹೊಗೆಯ ನಡುವೆ, ಐದು ರಾಜ್ಯಗಳ ಕಿರುಶಸ್ತ್ರ ಆಯೋಗದ ಪ್ರಯೋಗಾಲಯವಿದೆ. ಅದರ ಮುಖ್ಯಸ್ಥೆ ನಾನು. ಈಗ 'ಆಗಿದ್ದೆ' ಎನ್ನಬೇಕು.

ಆಯೋಗ ಹುಟ್ಟಿದ್ದು ಒಂದು ಒಳ್ಳೆಯ ವಿಚಾರದಿಂದ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಒಂದು ರಾಜ್ಯದ ಕುಲುಮೆಯಲ್ಲಿ ತಯಾರಾದ ನಾಡಬಂದೂಕು ಇನ್ನೊಂದು ರಾಜ್ಯದಲ್ಲಿ ಮಾರಾಟವಾಗಿ ಮೂರನೆಯದರಲ್ಲಿ ಒಬ್ಬನ ಎದೆ ಸೀಳುತ್ತಿತ್ತು. ಮೂರೂ ಕಡೆಯ ಪೊಲೀಸರು 'ಇದು ನಮ್ಮದಲ್ಲ' ಎಂದು ಕೈ ಕೊಡವುತ್ತಿದ್ದರು. ಕೊನೆಗೆ ಐದು ರಾಜ್ಯಗಳು ಸೇರಿ ದಖ್ಖನ್ ಒಪ್ಪಂದ ಮಾಡಿಕೊಂಡವು. ಯಾರೇ ಬಂದೂಕು ತಂದೊಪ್ಪಿಸಲಿ, ಅವರ ಮೇಲೆ ಕೇಸಿಲ್ಲ. ಒಪ್ಪಿಸಿದ ತೊಂಬತ್ತು ದಿನದೊಳಗೆ ಅದು ಕುಲುಮೆಗೆ ಬಿದ್ದು ಕರಗಬೇಕು. ಕಾರ್ಖಾನೆಗಳು ಇಲ್ಲೇ ಇದ್ದುದರಿಂದ ಉಗ್ರಾಣವೂ ಪ್ರಯೋಗಾಲಯವೂ ಇಲ್ಲಿಗೇ ಬಂದವು.

ನನ್ನ ಯಂತ್ರದ ವಿಷಯ ಸರಳ. ಗುಂಡು ಹಾರುವಾಗ ಮದ್ದು ಉರಿದು ಬಿಸಿ ಅನಿಲವಾಗುತ್ತದೆ. ಅದರಲ್ಲಿರುವ ಜಲಜನಕ ಒತ್ತಡಕ್ಕೆ ನಳಿಗೆಯ ಉಕ್ಕಿನೊಳಗೆ ತೆಳ್ಳಗೆ ನುಗ್ಗಿ ಕೂರುತ್ತದೆ, ಉಕ್ಕಿನ ಹರಳುಗಳು ಚೂರು ಪಕ್ಕಕ್ಕೆ ಸರಿಯುತ್ತವೆ. ಮುಂದಿನ ಗುಂಡಿಗೆ ಇನ್ನೊಂದು ಪದರ. ದಿನವೂ ರೊಟ್ಟಿ ಸುಡುವ ಹಂಚಿನ ತಳದಲ್ಲಿ ಮಸಿ ಕೂತ ಹಾಗೆ. ಹೀಗೆ ಕೂತ ಜಲಜನಕ ವರ್ಷಗಟ್ಟಲೆ ನಿಧಾನವಾಗಿ ಸೋರುತ್ತಿರುತ್ತದೆ. ಎಷ್ಟು ಸೋರಿದೆಯೆಂದು ಅಳೆದರೆ ಗುಂಡು ಯಾವಾಗ ಹಾರಿತ್ತೆಂದು ಹೇಳಬಹುದು. ಇತ್ತೀಚಿನದಾದರೆ ಒಂದೆರಡು ದಿನದ ಅಂತರದಲ್ಲಿ, ಹಳೆಯದಾದರೆ ಒಂದೆರಡು ತಿಂಗಳ ಅಂತರದಲ್ಲಿ. ನ್ಯೂಟ್ರಾನ್ ಕಿರಣ ಹಾಯಿಸಿ ಇದನ್ನು ಓದುವ ಯಂತ್ರಕ್ಕೆ 'ಉಕ್ಕುನೋಟ' ಎಂದು ಹೆಸರಿಟ್ಟೆವು. ಎರಡು ಬಂದೂಕುಗಳ ನೆನಪು ಒಂದೇ ತರಹ ಇರುವುದಿಲ್ಲ. ನಂಬರು ಉಜ್ಜಿ ತೆಗೆಯಬಹುದು, ನಳಿಗೆ ಕತ್ತರಿಸಿ ಗಿಡ್ಡ ಮಾಡಬಹುದು. ನೆನಪು ಹೋಗಬೇಕೆಂದರೆ ಉಕ್ಕು ಕರಗಲೇಬೇಕು.

ಕಾಶಮ್ಮ ತಳವಾರ ಬಂದದ್ದು ಯುಗಾದಿಯಾದ ಮರುವಾರ. ಹೊಳೆದಂಡೆಯ ಹುಲಗಿನಾಳದವಳು, ಅರವತ್ತು ದಾಟಿದ ವಿಧವೆ. ಅವಳ ಗಂಡನ ಮನೆಯವರು ತಲೆತಲಾಂತರದಿಂದ ಊರು ಕಾಯುವವರು. ಒಂಟಿ ನಳಿಗೆಯ ಬಂದೂಕನ್ನು ಹಳೆಯ ಕೌದಿಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು.

"ಕಂಡಕ್ಟರ್ ಏನೂ ಕೇಳಲಿಲ್ಲೇನ ಯವ್ವಾ?" ಎಂದೆ.

"ಕೇಳಿದ್ನಿರಿ. ಒನಕಿ ಅಂದೆ."

ಯಂತ್ರ ನಡೆಸುವವನು ಮೌಲಾಹುಸೇನ್. ಇಪ್ಪತ್ತು ವರ್ಷ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನನ್ನ ಬಳಿ ಬಂದವನು, ಉಕ್ಕಿನ ಬಣ್ಣ ನೋಡಿಯೇ ಅದರ ಕಾವು ಹೇಳುತ್ತಾನೆ. ಅವನು ಪರದೆ ನೋಡಿ, "ಹದಿನೇಳು ಗುಂಡು" ಎಂದ.

"ಹದಿನೆಂಟಿರಬೇಕಲ್ಲ?" ಎಂದು ಕಾಶಮ್ಮ ಬೆರಳು ಮಡಚಿದಳು. "ಹಾಂ, ಖರೆ ಐತಿ. ಒಂದ ಸಲ ಮದ್ದು ತೊಯ್ದು ಟುಸ್ ಅಂದಿತ್ತು."

"ಮೂವತ್ತು ವರ್ಷದ ಹಿಂದ ಒಟ್ಟೊಟ್ಟಿಗೆ ನಾಕು ಗುಂಡು ಹಾರ್ಯಾವ ನೋಡಬೇ."

"ತ್ವಾಳ ಬಂದಿದ್ವಪಾ ಕುರಿಹಟ್ಟಿಗೆ. ನಾಕೂ ತಪ್ಪಿದ್ವು. ನಮ್ಮ ಯಜಮಾನರ ಗುರಿ ಅಷ್ಟಕ್ಕಷ್ಟ." ಅವಳೂ ನಕ್ಕಳು, ನಾವೂ ನಕ್ಕೆವು. "ಕಡೀದು ಅವರು ತೀರಿಕೊಂಡ ದಿನ ನಮ್ಮ ಮೈದುನ ಹಾರಿಸಿದ್ದು. ಆಮ್ಯಾಲ ಅದನ್ನ ಕಣಜದ ಹಿಂದ ಇಟ್ಟೆ, ಮುಟ್ಟಿಲ್ಲ."

"ಈಗ್ಯಾಕ ಕೊಡಾಕ ಬಂದಿ?" ಎಂದೆ.

ಅವಳ ನಗು ನಿಂತಿತು. "ಮರಳಿನ ಲಾರಿಯವರು ಎರಡು ಸಲ ಕೇಳಾಕ ಬಂದಿದ್ರು ಅಕ್ಕಾರ. ಮೂರನೇ ಸಲ ಕೇಳೂದಿಲ್ಲ, ಕಸಗೊಂತಾರ. ಅವರ ಕೈಗೆ ಹೋಗೂದಕಿಂತ ಕರಗಿ ಹೋಗಲಿ."

ಆಯೋಗದಲ್ಲೊಂದು ಪದ್ಧತಿಯಿತ್ತು. ಓದು ಮುಗಿದ ಮೇಲೆ ಬಂದೂಕನ್ನು ಒಡೆಯರ ಕೈಗೇ ವಾಪಸ್ಸು ಕೊಡುತ್ತಿದ್ದೆವು. ಅವರೇ ಅದನ್ನು ಹೊತ್ತು ಅಂಗಳ ದಾಟಿ, ನಲವತ್ತು ಹೆಜ್ಜೆ ನಡೆದು, ಉಗ್ರಾಣದ ಕಿಟಕಿಯಲ್ಲಿ ಒಪ್ಪಿಸಬೇಕು. ಮನಸಾರೆ ಕೊಟ್ಟಂತಾಗಲಿ ಎಂದು ಯಾರೋ ದೊಡ್ಡವರು ಹಾಕಿಕೊಟ್ಟ ಕ್ರಮ, ಫೋಟೋಗೂ ಚೆನ್ನಾಗಿರುತ್ತಿತ್ತು. ಕಿಟಕಿಯ ಒಳಗೆ ನಳಿಗೆಯ ಬುಡದ ಕೆಳಗಿನ ದಪ್ಪ ಕಬ್ಬಿಣದಲ್ಲಿ ಜೋಳದ ಕಾಳು ಹಿಡಿಯುವಷ್ಟು ತೂತು ಕೊರೆದು, ತಂತಿ ಪೋಣಿಸಿ, ಸೀಸದ ಮುದ್ರೆ ಒತ್ತಿ, ಒಂದು ಚೀಟಿ ಕೊಡುತ್ತಿದ್ದರು. ಕಾಶಮ್ಮ ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ಚಿತ್ರ ಐದು ರಾಜ್ಯಗಳ ಬಸ್‌ಸ್ಟ್ಯಾಂಡುಗಳ ಗೋಡೆ ಹತ್ತಿತು. ಜುಲೈ ತಿಂಗಳಲ್ಲಿ, ಅವಳದೂ ಸೇರಿ ಉಗ್ರಾಣದ ಅಷ್ಟೂ ಬಂದೂಕುಗಳು ಕರಗಿದವೆಂದು ಪ್ರಮಾಣಪತ್ರ ಬಂತು. ನಾನು ಅದನ್ನು ಫೈಲಿಗೆ ಹಾಕಿದೆ.

ಇಲ್ಲಿ ನನ್ನ ಅವ್ವನ ವಿಷಯ ಹೇಳಬೇಕು. ನಾವು ಹೂಗಾರರು, ದೇವರಿಗೆ ಹೂವು ಪತ್ರಿ ಕೊಡುವ ಮನೆತನ. ಅವ್ವನಿಗೆ ಎಪ್ಪತ್ತೆಂಟು ವರ್ಷ. ಅಂಗಡಿಯ ಕುಂಕುಮವನ್ನು ಅವಳು ಮುಟ್ಟುವುದಿಲ್ಲ. "ಅದು ಬಣ್ಣದ ಪುಡಿ, ಹಣಿ ಸುಡತೈತಿ" ಎನ್ನುತ್ತಾಳೆ. ನವರಾತ್ರಿಗೆ ತಿಂಗಳ ಮೊದಲೇ ಅರಿಸಿನದ ಕೊಂಬು ತಂದು, ನಿಂಬೆರಸ ಹಿಂಡಿ, ಬಿಳಿಗಾರ ಬೆರೆಸಿ, ನೆರಳಲ್ಲಿ ಒಣಗಿಸಿ ಕುಟ್ಟುತ್ತಾಳೆ. ಉಳಿದವರು ಬಿಳಿಗಾರದ ಜೊತೆ ಪಟಿಕವನ್ನೂ ಹಾಕುತ್ತಾರೆ. ಅವ್ವ ಪಟಿಕ ಹಾಕುವುದಿಲ್ಲ, ಅದರ ಬದಲು ಬಿಳಿಗಾರವನ್ನೇ ಎರಡು ಪಟ್ಟು ಹಾಕುತ್ತಾಳೆ. ಅದು ಅವಳ ಅತ್ತೆ ಕಲಿಸಿದ ಅಳತೆ.

ಆಯೋಗದ ಉಗ್ರಾಣದಲ್ಲಿ ಪ್ರತಿ ವರ್ಷ ಆಯುಧ ಪೂಜೆ ನಡೆಯುತ್ತಿತ್ತು. ಆಯುಧಗಳನ್ನು ಇಲ್ಲವಾಗಿಸಲು ಹುಟ್ಟಿದ ಕಚೇರಿಯಲ್ಲಿ ಆಯುಧ ಪೂಜೆ ಏಕೆ ಎಂದು ಕೇಳಿದರೆ ಉಗ್ರಾಣಾಧಿಕಾರಿ ಅರವಿಂದ ಮಾನ್ವಿ ಕಿವಿ ಹಿಡಿದುಕೊಂಡು, "ತಪ್ಪಿಸಬಾರದು ಮೇಡಂ, ಕಬ್ಬಿಣದ ಜೊತೆ ಇರೋರು ನಾವು, ಕೈಕಾಲಿಗೆ ಪೆಟ್ಟಾಗುತ್ತೆ" ಎನ್ನುತ್ತಿದ್ದರು. ದೇವರಲ್ಲಿ ಅಷ್ಟು ಭಯವಿದ್ದ ಮನುಷ್ಯ ಅವರು. ಅವ್ವನ ಕುಂಕುಮದ ಒಂದು ಡಬ್ಬಿ ಆ ಪೂಜೆಗೆಂದೇ ನನ್ನ ಚೀಲದಲ್ಲಿ ಹೋಗುತ್ತಿತ್ತು. ಬೇರಾವ ಕಚೇರಿಗೂ ಅವಳು ಕೊಟ್ಟವಳಲ್ಲ.

ಆ ಅಕ್ಟೋಬರಿನಲ್ಲೂ ಹೋದೆ. ಉದ್ದನೆಯ ಮೇಜಿಗೆ ಕೆಂಪು ಬಟ್ಟೆ ಹಾಸಿ ಅರವತ್ತು ಬಂದೂಕುಗಳನ್ನು ಸಾಲಾಗಿ ಮಲಗಿಸಿದ್ದರು. ಎಣ್ಣೆ ಹಚ್ಚಿ ಫಳಫಳ ಮಿಂಚುತ್ತಿದ್ದವು.

"ಉಗ್ರಾಣ ಖಾಲಿ ಅಂತ ಪತ್ರ ಬಂದಿತ್ತಲ್ಲ, ಇವು ಎಲ್ಲಿಯವು?" ಎಂದೆ.

"ಹೋದ ವಾರ ಬಂದವು ಮೇಡಂ. ಇನ್ನೂ ನಿಮ್ಮ ಕಡೆ ಓದೋಕೆ ಕಳಿಸಬೇಕು. ಕುಂಕುಮ ನಿಮ್ಮ ಕೈಯಾರೆ ಆಗಲಿ, ಹೆಣ್ಣುಮಕ್ಕಳ ಕೈ ಶುಭ."

ಒಂದೊಂದರ ಬುಡಕ್ಕೂ ಹೆಬ್ಬೆರಳು ಒತ್ತಿ ಕುಂಕುಮವಿಟ್ಟೆ. ಪ್ರತಿಯೊಂದಕ್ಕೂ ತೂತಿತ್ತು, ತಂತಿಯಿತ್ತು, ಸೀಸದ ಮುದ್ರೆಯಿತ್ತು. ಮುದ್ರೆ ಬೀಳುವುದು ನಾನು ಓದಿದ ಮೇಲೆ. ಓದದ ಬಂದೂಕಿಗೆ ಮುದ್ರೆ ಎಲ್ಲಿಂದ ಬಂತೆಂದು ಕೇಳುವಷ್ಟು ಬುದ್ಧಿ ಈ ವಿಜ್ಞಾನಿಗೆ ಇರಲಿಲ್ಲ. ಕಡಲೆ ಉಸುಳಿ ತಿಂದು, ಕೈ ತೊಳೆದು ಬಂದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಜನವರಿಯಲ್ಲಿ ಹುಲಗಿನಾಳದ ಈರಣ್ಣ ಮಾಸ್ತರರನ್ನು ಕೊಂದರು. ಹೊಳೆಯ ಮರಳು ಬಾಚುವವರ ಮೇಲೆ ಅರ್ಜಿಯ ಮೇಲೆ ಅರ್ಜಿ ಬರೆಯುತ್ತಿದ್ದವರು ಅವರು. ಬೆಳಿಗ್ಗೆ ಏಳೂವರೆಗೆ, ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಮೋಟರ್‌ಸೈಕಲ್ಲಿನಲ್ಲಿ ಬಂದ ಇಬ್ಬರು ಹೊಡೆದು ಹೋದರು. ಹೊಳೆಯ ಪಕ್ಕದ ಜಾಲಿಮುಳ್ಳಿನಲ್ಲಿ ಬಂದೂಕು ಸಿಕ್ಕಿತು. ನಳಿಗೆ ಕತ್ತರಿಸಿ ಮೊಳದುದ್ದ ಮಾಡಿದ್ದರು, ನಂಬರು ಉಜ್ಜಿದ್ದರು. ಪೊಲೀಸರು ಅದನ್ನು ಉಕ್ಕುನೋಟಕ್ಕೆ ತಂದರು.

ಇಪ್ಪತ್ತು ಗುಂಡು ಎಂದಿತು ಯಂತ್ರ. ಕೊನೆಯದು ಮಾಸ್ತರರು ಸತ್ತ ದಿನದ್ದು. ಅದರ ಹಿಂದಿನ ಎರಡು ನವೆಂಬರಿನವು, ಯಾರೋ ಹಾರಿಸಿ ಪರೀಕ್ಷೆ ಮಾಡಿದ್ದಿರಬೇಕು. ಅದಕ್ಕೂ ಹಿಂದೆ ಹದಿಮೂರು ವರ್ಷ ಏನೂ ಇಲ್ಲ. ಅದರಾಚೆ ಮೂವತ್ತು ವರ್ಷದ ಹಿಂದೆ ಒಟ್ಟೊಟ್ಟಿಗೆ ನಾಲ್ಕು.

ಮೌಲಾಹುಸೇನ್ ಕುರ್ಚಿಯಿಂದ ಎದ್ದು ನಿಂತ. "ಮೇಡಂ, ಇದು ತ್ವಾಳದ ಬಂದೂಕು."

ಯಂತ್ರ ಹೇಳಿದ್ದನ್ನು ಹೇಳಿದಂತೆಯೇ ಬರೆದು ಸಹಿ ಹಾಕಿದೆ. ಕರಗಿತೆಂದ ಬಂದೂಕು ಕರಗಿಲ್ಲ, ಉಗ್ರಾಣವನ್ನು ತನಿಖೆ ಮಾಡಿ ಎಂದು ಕೊನೆಯಲ್ಲಿ ಎರಡು ಸಾಲು ಸೇರಿಸಿದೆ. ಆಯೋಗ ಆ ಎರಡು ಸಾಲನ್ನು ಬಿಟ್ಟು ಉಳಿದದ್ದನ್ನು ಪೊಲೀಸರಿಗೆ ಕಳಿಸಿತು. ಮರುದಿನವೇ ಕಾಶಮ್ಮನನ್ನು ಹಿಡಿದರು.

ಮಾನ್ವಿಯವರ ವಾದ ನುಣುಪಾಗಿತ್ತು. ಪ್ರಯೋಗಾಲಯದಲ್ಲಿ ಓದಿಸಿದ್ದು ನಿಜವಾದ ಬಂದೂಕು. ಅಂಗಳದ ನಲವತ್ತು ಹೆಜ್ಜೆಯಲ್ಲಿ ಮುದುಕಿ ಅದನ್ನು ಯಾರಿಗೋ ದಾಟಿಸಿ, ಇನ್ನೊಂದು ಗುಜರಿ ಬಂದೂಕನ್ನು ಕಿಟಕಿಗೆ ಕೊಟ್ಟಿದ್ದಾಳೆ. ಕರಗಿದ್ದು ಆ ಗುಜರಿ. ನಿಜವಾದದ್ದನ್ನು ಮರಳಿನವರಿಗೆ ಮಾರಿಕೊಂಡಿದ್ದಾಳೆ. ಗೋಡೆಯ ಮೇಲಿನ ಅವಳ ಚಿತ್ರಕ್ಕೆ ಜನ ಸೆಗಣಿ ಎರಚಿದರು. ಮನಸಾರೆ ಕೊಡಲಿ ಎಂದು ಹಾಕಿದ ನಲವತ್ತು ಹೆಜ್ಜೆ ಕಳ್ಳರ ಪಾಲಿಗೆ ವರವಾಯಿತು.

ಜೈಲಿಗೆ ಹೋಗಿ ಅವಳನ್ನು ಕಂಡೆ. ಜಾಲರಿಯ ಆಚೆ ಕೂತಿದ್ದಳು. ಬಯ್ಯುತ್ತಾಳೆ ಎಂದುಕೊಂಡಿದ್ದೆ.

"ಅಕ್ಕಾರ, ನಿಮ್ಮ ಮಿಷನ್ ಖರೇನ ಹೇಳತೈತಿ ಅಂದಿದ್ರಿ."

"ಖರೇನ ಹೇಳೈತಿ ಕಾಶಮ್ಮ. ಅದು ನಿಂದ ಬಂದೂಕು."

"ಹಂಗಾರ ನಾ ಕೊಟ್ಟೀನಿ ಅಂತನೂ ಹೇಳಬೇಕಲ್ಲ ಅದು?"

ಅವಳು ಜಾಲರಿಗೆ ಬೆರಳು ಸಿಕ್ಕಿಸಿ ಮುಂದಕ್ಕೆ ಬಾಗಿದಳು.

"ಈರಣ್ಣ ಮಾಸ್ತರ ನನ್ನ ಮೊಮ್ಮಗಳ ಕೈ ಹಿಡಿದು ಅಕ್ಷರ ತಿದ್ದಿಸಿದಂವ. ಅವನ ಹೇಣ್ತಿ ಕೋರ್ಟಿನಾಗ ನನ್ನ ಮುಂದನ ಹಾದು ಹ್ವಾದಳು, ಮಾರಿ ಎತ್ತಿ ನೋಡಲಿಲ್ಲ. ಜೈಲಿನಾಗ ಸಾಯಾಕ ನನಗ ಅಂಜಿಕಿಲ್ಲರಿ. ಆಕಿ ಹಂಗ ತಿಳಕೊಂಡಿರತನ ನಾ ಸಾಯಾಂಗಿಲ್ಲ. ನಾ ಕೊಟ್ಟೀನಿ. ಕೊಟ್ಟೀನಿ ಅಂತ ಬರಸ್ರಿ."

ಗಂಡನ ನೆನಪಿನ ವಸ್ತುವನ್ನು ಬಸ್ಸು ಹತ್ತಿ ತಂದುಕೊಟ್ಟವಳು ಜೈಲಿನಲ್ಲಿ. ತೆಗೆದುಕೊಂಡವನು ಕುರ್ಚಿಯಲ್ಲಿ. ನಡುವೆ ನನ್ನ ಯಂತ್ರ, ಐದು ರಾಜ್ಯಗಳ ಹೆಮ್ಮೆ.

ಬಂದೂಕು ಇನ್ನೂ ಪ್ರಯೋಗಾಲಯದಲ್ಲಿತ್ತು. ಎರಡನೆಯ ಓದಿಗೆ ನ್ಯಾಯಾಲಯದ ಅನುಮತಿ ಪಡೆದು, ಪೊಲೀಸಿನವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಕ್ಯಾಮೆರಾ ಹಚ್ಚಿ, ನಾನೂ ಮೌಲಾಹುಸೇನನೂ ಅದನ್ನು ಬಿಚ್ಚಿದೆವು. ನಳಿಗೆಯ ಬುಡದ ಕೆಳಗೆ ಕಬ್ಬಿಣದ ಬಣ್ಣ ಒಂದೆಡೆ ಮಾತ್ರ ಬೇರೆಯಾಗಿತ್ತು. ಮೌಲಾಹುಸೇನ್ ಉಗುರಿನಿಂದ ಕೆರೆದು, "ಹಿತ್ತಾಳಿ" ಎಂದ. "ತೂತಿಗೆ ಹಿತ್ತಾಳಿ ಬಡಿದು, ಅರ ಹಾಕಿ ಉಜ್ಜಿ, ಮ್ಯಾಲ ಕಪ್ಪು ಏರಿಸ್ಯಾರ."

ಉಗ್ರಾಣದ ತೂತು ಅದು. ಅಂದರೆ ಬಂದೂಕು ಕಿಟಕಿಯ ಒಳಗೆ ಹೋಗಿತ್ತು. ನನಗೆ ಕುಣಿಯಬೇಕೆನಿಸಿತು. ಅವನು ತಲೆಯಾಡಿಸಿದ. "ಯಾರರೆ ತೂತು ಕೊರೀಬಹುದು ಅಂತಾರ ಮೇಡಂ. ಬರೇ ತೂತು ಸಾಲಂಗಿಲ್ಲ."

ಹಿತ್ತಾಳೆಯ ಬಿರಡೆಯನ್ನು ಮೆಲ್ಲಗೆ ಹೊರಗೆ ತಳ್ಳಿದೆವು. ಅದರ ಹಿಂದೆ ತೂತಿನ ಗೋಡೆಗೆ ಅಂಟಿಕೊಂಡು ಒಂದು ಚಿಟಿಕೆಯಷ್ಟು ಕೆಂಪು ಪುಡಿಯಿತ್ತು. ಎಣ್ಣೆಯಲ್ಲಿ ನೆನೆದು ಗಟ್ಟಿಯಾಗಿತ್ತು. ನಾನು ಸೂಕ್ಷ್ಮದರ್ಶಕಕ್ಕೂ ಹೋಗಲಿಲ್ಲ. ಬಾಗಿ ಮೂಸಿ ನೋಡಿದೆ. ಚಿಕ್ಕಂದಿನಿಂದ ಮೂಗಿಗೆ ಹತ್ತಿದ ವಾಸನೆ.

ಆಮೇಲೆ ಮಾಡಬೇಕಾದ್ದನ್ನೆಲ್ಲ ಕ್ರಮವಾಗಿ ಮಾಡಿದೆವು. ಅರಿಸಿನವಿತ್ತು, ನಿಂಬೆಯ ಆಮ್ಲವಿತ್ತು, ಬಿಳಿಗಾರ ಬೇಕಾದ್ದಕ್ಕಿಂತ ಎರಡು ಪಟ್ಟು ಇತ್ತು. ಪಟಿಕದ ಸುಳಿವಿರಲಿಲ್ಲ. ಕೊಪ್ಪಳದ ಹದಿನಾಲ್ಕು ಅಂಗಡಿಗಳಿಂದ, ಸುತ್ತಲಿನ ಇಪ್ಪತ್ತು ಮನೆಗಳಿಂದ ಕುಂಕುಮ ತರಿಸಿ ಹೋಲಿಸಿದೆವು. ಯಾವುದೂ ಹೊಂದಲಿಲ್ಲ. ಕೊನೆಯದಾಗಿ ಅವ್ವನ ಡಬ್ಬಿ ತಂದೆ.

ಸಂಜೆ ಮನೆಗೆ ಹೋದಾಗ ಅವ್ವ ಪಡಸಾಲೆಯಲ್ಲಿ ಹೂವು ಕಟ್ಟುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು.

"ಅಂದ್ರ ನಾ ಮಾಡಿದ ಕುಂಕುಮಾನ ಆ ಮಾಸ್ತರನ್ನ ಕೊಂದ ಬಂದೂಕಿನಾಗ?"

"ಹೂಂ ಅವ್ವ. ಇಟ್ಟಾಕಿ ನಾನ."

"ಕಳುವು ಮಾಡಿದ್ದಕ್ಕ ಪೂಜಿ ಮಾಡಿದ್ರ?" ಅವ್ವನಿಗೆ ಸಾವಿಗಿಂತ ಇದೇ ತಡೆಯಲಾಗಲಿಲ್ಲ. "ಕರಗೇತಿ ಅಂತ ಬರದು, ಒಳಗ ಬಚ್ಚಿಟ್ಟು, ಮಾರಾಕ ತಗದಿಟ್ಟಿದ್ದಕ್ಕ ಎಣ್ಣಿ ಹಚ್ಚಿ, ಕುಂಕುಮ ಹಚ್ಚಿ, ಕಾಯಿ ಒಡದ್ರ? ಅವರ ಕೈ ಸೇದಿ ಹೋಗಲಿ!"

ನನಗೂ ಅದೇ ಹೊಳೆದಿತ್ತು. ಅವರು ಪೂಜೆಯೊಂದನ್ನು ಬಿಟ್ಟಿದ್ದರೆ ಈ ಜನ್ಮದಲ್ಲಿ ಸಿಕ್ಕಿಬೀಳುತ್ತಿರಲಿಲ್ಲ. ಬಂದೂಕು ಕದಿಯಲು ಹೆದರದ ಮನುಷ್ಯ, ಕದ್ದ ಬಂದೂಕಿಗೆ ಕುಂಕುಮವಿಡದೆ ಇರಲು ಹೆದರಿದ. ಸೂಕ್ಷ್ಮ ಯಂತ್ರ ಕಟ್ಟಿದ ನಾನು ಅವನ ಪಕ್ಕದಲ್ಲಿ ನಿಂತು ಡಬ್ಬಿ ಹಿಡಿದಿದ್ದೆ.

"ಕೋರ್ಟಿಗೆ ನಾ ಬರತೀನಿ" ಎಂದಳು ಅವ್ವ. "ಅಳತಿ ಹೇಳಾಕ ನಾನ ಬೇಕಲ್ಲ."

ಕೋರ್ಟಿಗಿಂತ ಮೊದಲು ಆಯೋಗಕ್ಕೆ ತಿಳಿಸುವುದು ನನ್ನ ಕರ್ತವ್ಯವೆಂದು ತಿಳಿದಿದ್ದೆ. ಆಯೋಗದ ಕಾರ್ಯದರ್ಶಿ ಪರದೆಯ ಮೇಲೆ ಬಂದರು. ಅವರ ಹೆಸರು ನನ್ನ ಬಾಯಿಗೂ ಬೇಡ. ಮಾನ್ವಿ ಅವರ ಪಕ್ಕದಲ್ಲೇ ಕೂತಿದ್ದರು. ವರದಿಯನ್ನು ಪೂರ್ತಿ ಕೇಳಿ ಕಾರ್ಯದರ್ಶಿ ನಿಟ್ಟುಸಿರು ಬಿಟ್ಟರು.

"ಡಾಕ್ಟರ್ ಹೂಗಾರ್, ನೀವು ಹೇಳೋದು ಸತ್ಯವೇ ಇರಬಹುದು. ಆದರೆ ಇದು ಹೊರಗೆ ಹೋದರೆ ಇನ್ನು ಮುಂದೆ ಒಬ್ಬನಾದರೂ ಬಂದೂಕು ತಂದುಕೊಡ್ತಾನಾ? ಒಂಬತ್ತು ವರ್ಷದ ನಂಬಿಕೆ ಮಣ್ಣುಪಾಲಾಗುತ್ತೆ. ಶಾಂತಿ ದೊಡ್ಡದು."

"ಮುದುಕಿ?"

"ವಯಸ್ಸು ನೋಡಿ ಬಿಡಿಸೋಣ. ತಪ್ಪಾಯ್ತು, ಬಂದೂಕು ಇಟ್ಟುಕೊಂಡಿದ್ದೆ ಅಂತ ಒಂದು ಕಾಗದಕ್ಕೆ ಸಹಿ ಹಾಕಲಿ ಸಾಕು. ಮಾನವೀಯತೆ ನಮಗೂ ಇದೆ."

ಹನ್ನೊಂದು ವರ್ಷ ನಾನು ಯಾರ ಮುಂದೆಯೂ ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ. ನಿಮ್ಮ ಶಾಂತಿ ಈರಣ್ಣ ಮಾಸ್ತರರ ಎದೆಯಲ್ಲಿದೆ, ಹೋಗಿ ಹೆಕ್ಕಿಕೊಳ್ಳಿ ಎಂದೆ. ಜನರ ಕೈಯಿಂದ ಬಂದೂಕು ಬಿಡಿಸಿ ಕೊಲೆಗಡುಕರ ಕೈಗೆ ಹಾಕುವುದಕ್ಕೆ ಐದು ರಾಜ್ಯ ಸೇರಬೇಕಿತ್ತೇ, ಒಬ್ಬ ದಲ್ಲಾಳಿ ಸಾಕಾಗಿದ್ದ ಎಂದೆ. ಮಾನ್ವಿ ನೆಲ ನೋಡುತ್ತಿದ್ದರು. ಅದೇ ದಿನ ನನ್ನನ್ನು ಅಮಾನತು ಮಾಡಿದರು, ಪ್ರಯೋಗಾಲಯಕ್ಕೆ ಬೀಗ ಬಿತ್ತು. ವರದಿಯ ಪ್ರತಿ ಅಷ್ಟರಲ್ಲಿ ನ್ಯಾಯಾಲಯ ಸೇರಿತ್ತು. ಮೌಲಾಹುಸೇನ್ ಅದನ್ನು ಸೈಕಲ್ಲಿನಲ್ಲಿ ಒಯ್ದು ಕೊಟ್ಟು ಬಂದಿದ್ದ.

ನ್ಯಾಯಾಲಯದಲ್ಲಿ ಅವ್ವ ಅಳತೆ ಹೇಳಿದಳು. ಆಯೋಗದ ವಕೀಲರು, "ಅಜ್ಜಿ, ಕುಂಕುಮ ಎಲ್ಲಾ ಕಡೆ ಇರುತ್ತೆ, ಇದು ನಿಮ್ಮದೇ ಅಂತ ಹೇಗೆ ಹೇಳ್ತೀರಿ?" ಎಂದು ನಕ್ಕರು. ಅವ್ವ, "ನಿಮ್ಮವ್ವ ಮಾಡಿದ ಸಾರು ನಿಮಗ ಗುರುತು ಸಿಗೂದಿಲ್ಲೇನ್ರಿ?" ಎಂದಳು. ಅದಾದ ಮೇಲೆ ನಾನು ನಿಂತು, ಜುಲೈಯಲ್ಲಿ ಕರಗಿತೆಂದು ಬರೆದ ಬಂದೂಕಿಗೆ ಅಕ್ಟೋಬರಿನಲ್ಲಿ ನನ್ನ ಕೈಯಿಂದಲೇ ಕುಂಕುಮ ಇಡಿಸಿದರೆಂದು ಹೇಳಿದೆ. ಕೇಳಬೇಕಾದ್ದನ್ನು ಕೇಳದೆ ಉಸುಳಿ ತಿಂದು ಬಂದೆನೆಂದೂ ಹೇಳಿದೆ. ನ್ಯಾಯಾಧೀಶರು ಕಾಶಮ್ಮನನ್ನು ಬಿಟ್ಟರು, ಉಗ್ರಾಣದ ತನಿಖೆಗೆ ಆದೇಶ ಮಾಡಿದರು. ಈರಣ್ಣ ಮಾಸ್ತರರ ಹೆಂಡತಿ ಹೊರಗೆ ಬಂದು ಕಾಶಮ್ಮನ ಎರಡೂ ಕೈ ಹಿಡಿದುಕೊಂಡು ನಿಂತರು.

ಕಥೆ ಇಲ್ಲಿಗೇ ಮುಗಿದಿದ್ದರೆ ನನಗಿಷ್ಟು ಸಿಟ್ಟಿರುತ್ತಿರಲಿಲ್ಲ.

ತನಿಖೆಗೆ ಬಂದ ತಂಡ ಆಯೋಗವೇ ನೇಮಿಸಿದ್ದು. ಉಗ್ರಾಣದ ಬಾಗಿಲು ತೆರೆಯಲು ಅವರಿಗೆ ದಿನಕ್ಕೊಂದು ಅಡ್ಡಿ. ಬೀಗದಕೈ ಒಬ್ಬರ ಬಳಿ, ಅಪ್ಪಣೆ ಇನ್ನೊಬ್ಬರ ಬಳಿ. ಮಾನ್ವಿ ರಜೆಯ ಮೇಲೆ ಹೋದರು. ಹದಿನೈದು ದಿನವಾದರೂ ಬೀಗ ತೆರೆಯಲಿಲ್ಲ. ಹದಿನಾರನೆಯ ದಿನ ಕಾಶಮ್ಮ ಬಸ್ಸಿಳಿದು, ಉಗ್ರಾಣದ ಗೇಟಿನ ಮುಂದೆ ಕೌದಿ ಹಾಸಿ ಕೂತಳು. ಕೈಯಲ್ಲಿ ಹಳೆಯ ಚೀಟಿ.

"ಏನಬೇಕಬೇ?" ಎಂದು ಕಾವಲಿನವನು ಕೇಳಿದನಂತೆ.

"ಕರಗಸ್ತೀವಿ ಅಂತ ಚೀಟಿ ಕೊಟ್ಟಿದ್ರಿ. ಕರಗೂದನ್ನ ನೋಡಾಕ ಬಂದೀನಿ."

ನಾನು ಹೋಗಿ ಪಕ್ಕದಲ್ಲಿ ಕೂತೆ, ನನಗೂ ಬೇರೆ ಕೆಲಸವಿರಲಿಲ್ಲ. ಮರುದಿನ ಅವ್ವ ರೊಟ್ಟಿ ಕಟ್ಟಿಕೊಂಡು ಬಂದಳು. ಮೂರನೆಯ ದಿನ ಯಲಬುರ್ಗಿ ಕಡೆಯ ಇಬ್ಬರು ಕುರಿಗಾಹಿಗಳು ತಮ್ಮ ಚೀಟಿ ಹಿಡಿದು ಬಂದರು. "ನಮ್ಮದೂ ಕರಗೇತೋ ಇಲ್ಲೋ ಗೊತ್ತಾಗಬೇಕ್ರಿ." ಆಮೇಲೆ ಲೆಕ್ಕ ತಪ್ಪಿತು. ಗಡಿಯಾಚೆಯಿಂದ ತೆಲುಗಿನವರು ಬಂದರು, ಮರಾಠಿಯವರು ಬಂದರು. 'ಕರಗಿತೇ?' ಎಂಬ ಒಂದು ಮಾತನ್ನು ಎಲ್ಲರೂ ಅವರವರ ಭಾಷೆಯಲ್ಲಿ ಕೇಳುತ್ತಿದ್ದರು. ಸಾಲು ಗೇಟಿನಿಂದ ಕಾರ್ಖಾನೆಯ ರಸ್ತೆಯವರೆಗೆ ಹೋಯಿತು. ಒಪ್ಪಂದದ ಕಾಗದದಲ್ಲಿ ಮಾತ್ರ ಇದ್ದ ಐದು ರಾಜ್ಯಗಳು ಒಂದಾಗಿದ್ದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ, ಆ ಧೂಳಿನಲ್ಲಿ.

ಆರನೆಯ ದಿನ ಮಧ್ಯಾಹ್ನ ಬಿಳಿ ಕಾರಿನಲ್ಲಿ ಕಾರ್ಯದರ್ಶಿಯೇ ಬಂದಿಳಿದರು. ಹಿಂದೆ ಇಬ್ಬರು ಕ್ಯಾಮೆರಾದವರು. ಅವರು ಕಾಶಮ್ಮನ ಮುಂದೆ ಕೈ ಜೋಡಿಸಿದರು.

"ತಾಯಿ, ನಿಮಗೆ ತುಂಬ ಅನ್ಯಾಯವಾಗಿದೆ. ಇವತ್ತೇ ಸರಿಮಾಡ್ತೀವಿ. ನಿಮ್ಮ ಬಂದೂಕನ್ನು ನಿಮ್ಮ ಕಣ್ಣೆದುರೇ ಕುಲುಮೆಗೆ ಹಾಕ್ತೀವಿ. ಕಾರ್ಖಾನೆಯವರಿಗೆ ಹೇಳಿದ್ದೇನೆ, ಕುಲುಮೆ ಕಾದಿದೆ. ಒಡೆಯರ ಕೋರಿಕೆ ಅಂತ ಈ ಅರ್ಜಿಗೊಂದು ಸಹಿ ಹಾಕಿದರೆ ಸಾಕು, ಸಂಜೆಯೊಳಗೆ ಕೋರ್ಟಿನಿಂದ ಬಿಡಿಸಿ ತರ್ತೀವಿ."

ಒಂಬತ್ತು ವರ್ಷದಲ್ಲಿ ಇವರು ಮನಸಾರೆ ಕರಗಿಸಬೇಕೆಂದುಕೊಂಡ ಮೊದಲ ಬಂದೂಕು ಇದು. ತೂತು, ಹಿತ್ತಾಳೆ, ಕುಂಕುಮ, ಇಪ್ಪತ್ತು ಗುಂಡಿನ ನೆನಪು ಎಲ್ಲ ಅದರಲ್ಲೇ ಇತ್ತು. ಅದು ಕರಗಿದರೆ ಮೊಕದ್ದಮೆಯೂ ಕರಗುತ್ತಿತ್ತು. ಕಾಶಮ್ಮ ಅದಕ್ಕಾಗಿಯೇ ಬಸ್ಸು ಹತ್ತಿ ಬಂದವಳು, ಜೈಲು ಕಂಡವಳು, ಆರು ದಿನದಿಂದ ಬಿಸಿಲಲ್ಲಿ ಕೂತವಳು. ಬೇಡ ಎಂದು ಅವಳಿಗೆ ಹೇಗೆ ಹೇಳಲಿ? ಬಾಯಿ ತೆರೆಯುವಷ್ಟರಲ್ಲಿ ಅವಳೇ ಅರ್ಜಿಯನ್ನು ಕೈಗೆ ತೆಗೆದುಕೊಂಡಳು.

ಓದಲು ಬಾರದಿದ್ದರೂ ಸಾಕಷ್ಟು ಹೊತ್ತು ಅದನ್ನೇ ನೋಡಿದಳು. ಆಮೇಲೆ ತಿರುಗಿ, ತನ್ನ ಹಿಂದೆ ರಸ್ತೆಯವರೆಗೆ ಕೂತವರನ್ನು ನೋಡಿದಳು.

"ಇವರ್ದೆಲ್ಲಾ ಎಲ್ಲದಾವ್ರಿ?"

"ಅದನ್ನೆಲ್ಲ ಆಮೇಲೆ ವಿಚಾರಣೆ ಮಾಡ್ತೀವಿ ತಾಯಿ. ಮೊದಲು ನಿಮ್ಮದು."

ಕಾಶಮ್ಮ ಅರ್ಜಿಯನ್ನು ಮಡಚಿ ಅವರ ಕೈಗೇ ವಾಪಸ್ಸು ಕೊಟ್ಟಳು. ಕೌದಿಯನ್ನು ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡು, ಗೇಟಿನ ಬಾಯಿಂದ ಎದ್ದು, ಸಾಲಿನ ಪಕ್ಕದಲ್ಲೇ ನಡೆದಳು. ಒಬ್ಬೊಬ್ಬರನ್ನೂ ದಾಟಿ, ಕಾರ್ಖಾನೆಯ ರಸ್ತೆಯ ತನಕ ಹೋಗಿ, ಕಟ್ಟಕಡೆಯ ಮನುಷ್ಯನ ಹಿಂದೆ ಕೌದಿ ಹಾಸಿದಳು. ಅಲ್ಲಿಂದ ಎಲ್ಲರಿಗೂ ಕೇಳುವಂತೆ ಕೂಗಿದಳು.

"ಸಾಹೇಬರ, ಮುಂದಿನವರ್ದು ಸುರು ಮಾಡ್ರಿ! ನಂದು ಕಡೀಕ."